ಕಾಯಿ ಸಪ್ಪಳಕ್ಕೆ ಹೊರಡುವ ಬಂಡಿ

ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಬಾಯವ್ವ ಒಂದು ಸಣ್ಣ ತಗಡಿನ ಡಬ್ಬಿ ತೆರೆಯುತ್ತಾಳೆ. ಅದರಲ್ಲಿ ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರ ಇರುತ್ತದೆ. ಚಿಟಿಕೆ ಅರಿಶಿನ ಮೊದಲು ಕುದುರೆಯ ಹಣೆಗೆ, ಆಮೇಲೆ ಬಂಡಿಗೆ ಕುದುರೆ ಹೂಡುವ ಮೂಕಿಗೆ, ಬೆರಳಿನಲ್ಲಿ ಉಳಿದದ್ದು ತನ್ನ ಹಣೆಗೆ. ಮಳೆ ಇರಲಿ, ಮೈಯಲ್ಲಿ ಜ್ವರ ಇರಲಿ, ಮನೆಯಲ್ಲಿರಲಿ, ಯಾವುದೋ ದಾರಿಯ ಬದಿ ಬೇವಿನ ಗಿಡದ ಕೆಳಗಿರಲಿ, ಇದು ತಪ್ಪಿದ್ದಿಲ್ಲ.

"ನಿನ್ನ ಹಣಿಗೆ ಯಾಕ ಕಡೀಗೆ?" ಎಂದು ಒಮ್ಮೆ ಕೇಳಿದೆ.

"ಎಳಿಯಾಕಿ ಅಕಿ, ಹೊರೂದು ಅದು. ನಾ ಕುಂತ ಹೋಗಾಕಿ. ಕುಂತಾಕಿಗೆ ಉಳದದ್ದ ಸಾಕಲ್ರೀ ಅಕ್ಕಾರ" ಎಂದಳು.

ಬಾಯವ್ವನ ಮನೆ ದೊಡವಾಡದ ಅಂಚಿನಲ್ಲಿದೆ. ಅಂಗಳದ ಒಂದು ಬದಿ ಕುದುರೆಯ ಕೊಟ್ಟಿಗೆ. ಕುದುರೆಯ ಹೆಸರು ರಾಣಿ, ಕಂದು ಬಣ್ಣದ ಹೆಣ್ಣು ಕುದುರೆ, ಒಂದು ಕಿವಿಯ ತುದಿ ಹರಿದಿದೆ. ಇನ್ನೊಂದು ಬದಿ ಬಂಡಿ. ಅಂಥ ಬಂಡಿ ನಮ್ಮ ಕಡೆ ಈಗ ಬೇರೆ ಇಲ್ಲ. ರಬ್ಬರ್ ಗಾಲಿ, ಉದ್ದನೆಯ ಹಲಗೆ, ಮೇಲೆ ಬಿದಿರಿನ ಕಮಾನು, ಕಮಾನಿಗೆ ತಾಡಪತ್ರಿ, ಒಳಗೆ ಬಾಯವ್ವನೇ ಹೊಲಿದ ಕೌದಿಗಳ ಹಾಸಿಗೆ. ಹಿಂದೆ ತೂಗುಬಿಟ್ಟ ಪೆಟ್ಟಿಗೆಯಲ್ಲಿ ಒಲೆ, ಹಂಚು, ಜೋಳದ ಹಿಟ್ಟು, ಶೇಂಗಾ ಚಟ್ನಿಯ ಡಬ್ಬಿ. ಬೇಸಿಗೆಯ ರಜೆ, ದಸರೆಯ ರಜೆ ಬಂದರೆ ಹುಬ್ಬಳ್ಳಿ, ಬೆಳಗಾವಿ ಕಡೆಯ ಸಂಸಾರಗಳು ಈ ಬಂಡಿ ಹತ್ತುತ್ತವೆ. ಕಿತ್ತೂರ ಕೋಟೆ, ಸೊಗಲದ ಜಲಪಾತ, ಮುನವಳ್ಳಿಯ ಹೊಳೆ, ನವಿಲುತೀರ್ಥ, ಎಲ್ಲಮ್ಮನ ಗುಡ್ಡ. ಬಸ್ಸು ಅರ್ಧ ತಾಸಿನಲ್ಲಿ ಮುಟ್ಟುವ ಊರಿಗೆ ಇವರು ಅರ್ಧ ದಿನ ನಡೆಯುತ್ತಾರೆ. ಗಂಡ ಮುತ್ತಪ್ಪ ಲಗಾಮು ಹಿಡಿಯುತ್ತಾನೆ, ಬಾಯವ್ವ ರೊಟ್ಟಿ ಬಡಿಯುತ್ತಾಳೆ.

ಮುತ್ತಪ್ಪ ಮೊದಲು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಬಂದ ಮೇಲೆ ಟಾಂಗಾ ಹತ್ತುವವರಿಲ್ಲದಾದರು. ಕುದುರೆ ಮಾರೋಣ ಎಂದಾಗ ಬಾಯವ್ವ ಒಪ್ಪಲಿಲ್ಲ. "ಲಗೂನ ಹೋಗವರು ಆಟೋ ಹತ್ಲಿ. ಸಾವಕಾಶ ಹೋಗಬೇಕನ್ನವರೂ ಎಲ್ಲೋ ಇರತಾರ" ಎಂದಳಂತೆ. ಟಾಂಗಾದ ಅಚ್ಚಿಗೆ ಇನ್ನೊಂದು ಜೋಡಿ ಗಾಲಿ ಕೂಡಿಸಿ, ಬಡಿಗೇರ ಮಡಿವಾಳೆಪ್ಪನ ಹತ್ತಿರ ಕಮಾನು ಕಟ್ಟಿಸಿದರು. ಮೊದಲ ವರ್ಷ ಊರ ಮಂದಿ ನಕ್ಕರು. "ಏನ ಬಾಯವ್ವ, ಮನೀಗೇ ಗಾಲಿ ಹಚ್ಚೀಯಲ್ಲ, ಓಡಿ ಹೋಗೂ ವಿಚಾರ ಐತೇನ?" ಎಂದರು. "ಹೌದಪಾ, ನಿನ್ನ ಹೇಣ್ತಿನ್ನೂ ಕರಕೊಂಡ ಹೊಂಟೇನಿ. ಬರತೇನಿ ಅಂದಾಳ" ಎಂದು ಬಾಯವ್ವ ತಿರುಗಿ ಕೊಟ್ಟಳು.

ಅವಳಿಗೆ ಈ ಕೆಲಸ ಹಿಡಿಸಿದೆ. ಜನರನ್ನು ನೋಡುವುದು ಹಿಡಿಸಿದೆ. "ರಜಾಕ್ಕಂತ ಬಂದ ಮಂದಿ ಮೊದಲನೇ ದಿನ ಜಗಳಾ ಮಾಡತಾರ. ಮರುದಿನ ಬರೇ ನಿದ್ದಿ. ಮಾತು ಅನ್ನೂದು ಬರೂದು ಆಮ್ಯಾಲೇರಿ" ಎನ್ನುತ್ತಾಳೆ.

ಬಂಡಿ ಹೊರಡುವುದಕ್ಕೆ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಪಯಣದ ಮೊದಲ ದಿನ ಎಲ್ಲರೂ ಹತ್ತಿ ಕುಳಿತ ಮೇಲೆ ಮುತ್ತಪ್ಪ ಗಾಲಿಯ ಮುಂದೆ ಒಂದು ತೆಂಗಿನಕಾಯಿ ಒಡೆಯುತ್ತಾನೆ. ಆ ಸಪ್ಪಳಕ್ಕೆ ರಾಣಿ ತಾನೇ ಹೆಜ್ಜೆ ಇಡುತ್ತಾಳೆ. ಲಗಾಮು ಜಗ್ಗಬೇಕಿಲ್ಲ, ಹೋಯ್ ಎನ್ನಬೇಕಿಲ್ಲ. ಕಾಯಿ ಒಡೆದಾತನೇ ಓಡಿ ಬಂದು ಹತ್ತಬೇಕು. ಇನ್ನೊಂದು ಮಾತೂ ಆ ಮನೆಯಲ್ಲಿ ಹಿರಿಯರಿಂದ ಬಂದದ್ದು. ಕಾಯಿ ಒಡೆದು ಹೊರಟ ಬಂಡಿಯನ್ನು ಹಿಂದಕ್ಕೆ ಹೊಳ್ಳಿಸಬಾರದು. ಬುತ್ತಿಯ ಗಂಟನ್ನೇ ಮರೆತಿರಲಿ, ಮುಂದಿನ ಊರಲ್ಲಿ ಬೇರೆ ಕೊಂಡರಾಯಿತು.

ಇಷ್ಟೆಲ್ಲ ಊರು ತಿರುಗುವ ಬಂಡಿ ಒಂದು ದಾರಿ ಮಾತ್ರ ಹಿಡಿಯುತ್ತಿರಲಿಲ್ಲ. ಅದು ಸವದತ್ತಿ ದಾಟಿ ಸುರೇಬಾನಕ್ಕೆ ಹೋಗುವ ದಾರಿ. ಬಾಯವ್ವ ಹುಟ್ಟಿದ್ದು ಸುರೇಬಾನದಲ್ಲಿ. ಅಲ್ಲಿ ಅವಳ ಅಕ್ಕ ನೀಲವ್ವ ಇದ್ದಾಳೆ. ತಾಯಿ ಹೊಲಕ್ಕೆ ಹೋದರೆ ಬಾಯವ್ವನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಈ ಅಕ್ಕನೇ. ಅವಳನ್ನು ಅದೇ ಊರಲ್ಲಿ ಕೊಟ್ಟಿದ್ದರು. ತಾಯಿಯ ಕೊನೆಯ ದಿನಗಳಲ್ಲಿ ಹತ್ತಿರ ಇದ್ದವಳೂ ಅವಳೇ.

ತಾಯಿ ತೀರಿಕೊಂಡಾಗ ಬಾಯವ್ವ ಒಂದು ಸಂಸಾರವನ್ನು ಕರೆದುಕೊಂಡು ಕಿತ್ತೂರ ಕಡೆ ಹೋಗಿದ್ದಳು. ಸುದ್ದಿ ತಲುಪಿ ಅವಳು ಸುರೇಬಾನ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮುಖ ಸಿಗಲಿಲ್ಲ. ಕಾರ್ಯವೆಲ್ಲ ಮುಗಿದು ಹೊರಡುವ ದಿನ ನೀಲವ್ವನ ಬಾಯಿಂದ ಒಂದು ಮಾತು ಬಂತು. "ಊರ ಮಂದೀನ ತಿರಗಸಾಕ ಕುದರಿ ಇತ್ತು. ಹಡದಾಕಿ ಕಡೆ ಬರಾಕ ಇದ್ದಿಲ್ಲೇನವಾ?"

ಬಾಯವ್ವ ಹೋಗಿ ಬಂಡಿಯಲ್ಲಿ ಕುಳಿತಳು, ಮನೆಯ ಕಡೆ ಬೆನ್ನು ಮಾಡಿ.

ನಮ್ಮಲ್ಲಿ ತವರಿಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಅರಿಶಿನ ಕೊಂಬು, ಎಲೆ, ಅಡಿಕೆ, ಒಂದು ಕುಪ್ಪಸದ ಖಣ, ಒಂದು ಇಡಿ ತೆಂಗಿನಕಾಯಿ ಸೆರಗಿಗೆ ಹಾಕಿ ಕಳಿಸಬೇಕು. ತಾಯಿ ಇಲ್ಲದ ಮೇಲೆ ಅದನ್ನು ಮಾಡಬೇಕಾದವಳು ಅಕ್ಕ. ಎಷ್ಟು ಸಿಟ್ಟಿದ್ದರೂ ಅಕ್ಕ ತಟ್ಟೆ ತಂದೇ ತರುತ್ತಾಳೆ ಎಂದು ಬಾಯವ್ವ ಸೆರಗು ಮುಂದೆ ಮಾಡಿಕೊಂಡು ಕಾದಳು. ಬೆನ್ನು ಮಾತ್ರ ತಿರುಗಿಸಲಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಬಂತು. ಆಮೇಲೆ ಕಟ್ಟೆಯ ಕಲ್ಲಿಗೆ ಕಾಯಿ ಒಡೆದ ಸಪ್ಪಳ.

ರಾಣಿ ಹೊರಟಳು. ಕುದುರೆಯ ಮುಂದೆ ನಿಂತಿದ್ದ ಮುತ್ತಪ್ಪ ಹಾರಿ ಹತ್ತಿ, "ನಿಂದ್ರಸ್ಲ್ಯಾ?" ಎಂದ.

"ನಿಂದ್ರಸಬ್ಯಾಡ" ಎಂದಳು ಬಾಯವ್ವ.

ರಾಣಿ ಯಾವ ಸಪ್ಪಳಕ್ಕೆ ಹೊರಡುತ್ತಾಳೆ ಎಂಬುದು ನೀಲವ್ವನಿಗೆ ಗೊತ್ತಿತ್ತು. ಅದನ್ನು ಹೇಳಿ ಎಷ್ಟೋ ಸಲ ನಕ್ಕಿದ್ದಳು. ಹಾಗಾಗಿ ಬಾಯವ್ವನ ಮನಸ್ಸಿನಲ್ಲಿ ಒಂದೇ ಅರ್ಥ ಕೂತಿತು. ಅಕ್ಕ ಉಡಿಯ ಕಾಯನ್ನು ಕಲ್ಲಿಗೆ ಬಡಿದಳು, ಕುದುರೆ ಹೊರಡಲಿ ಎಂದೇ ಬಡಿದಳು, ತಂಗಿಯನ್ನು ಬಾಗಿಲಿಂದ ಅಟ್ಟಿದಳು. ಅಲ್ಲಿಂದ ಏಳೆಂಟು ವರ್ಷ ಆ ಕಡೆ ಬಂಡಿ ಹೋಗಲಿಲ್ಲ. ಆ ಕಡೆಯಿಂದ ಕರೆಯೂ ಬರಲಿಲ್ಲ.

ಈ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗಳು ಅನ್ನಪೂರ್ಣಾ ರಜೆಗೆ ಬಂಡಿ ಗೊತ್ತುಮಾಡಿದಳು. ಅವಳು, ಗಂಡ ಗೌರೀಶ, ಮಗಳು ದಾನೇಶ್ವರಿ, ಜೊತೆಗೆ ನಾನು. ಬೈಲಹೊಂಗಲದಿಂದ ಸೊಗಲ, ಮುನವಳ್ಳಿ, ಎಲ್ಲಮ್ಮನ ಗುಡ್ಡ, ಅಲ್ಲಿಂದ ಸುರೇಬಾನದ ಹತ್ತಿರದ ಶಬರಿಕೊಳ್ಳ. ಅಲ್ಲಿ ರಜೆ ಮುಗಿಸಿ ಅವರು ರಾಮದುರ್ಗದ ಬಸ್ಸು ಹಿಡಿಯುವುದು, ನಾನು ಬಂಡಿಯಲ್ಲೇ ಹಿಂದಿರುಗುವುದು ಎಂದು ಮಾತಾಯಿತು. ಶಬರಿಕೊಳ್ಳದ ಮಾತಿಗೆ ಮುತ್ತಪ್ಪ ಹೆಂಡತಿಯನ್ನು ಕೇಳದೆ ಹೂಂ ಅಂದುಬಿಟ್ಟಿದ್ದ.

"ಒಪ್ಪಿದ ಮ್ಯಾಲ ಹೋಗೂದ. ಆದ್ರ ಊರಿನ ಹೊರಗಿಂದ ಹೊಡಿ. ನಾ ತಾಡಪತ್ರಿ ಒಳಗ ಇರತೇನಿ" ಎಂದಳು ಬಾಯವ್ವ, ಬಂಡಿ ಹೊರಟ ಮೇಲೆ.

"ಇರವಾ. ಹೆಂಗಿದ್ರೂ ಒಳಗ ಇರೂದು ನಿನಗ ರೂಢಿ ಐತಿ" ಎಂದ ಮುತ್ತಪ್ಪ. ಅವಳು ಅವನತ್ತ ನೋಡಿದ ರೀತಿಗೆ ಅವನು ಮುಂದಿನ ಊರಿನ ತನಕ ಕುದುರೆಯ ಜೊತೆಗೇ ಮಾತಾಡಿದ.

ಬಂಡಿಯ ರಜೆ ಹೇಗಿರುತ್ತದೆ ಎಂದು ಆಗ ನನಗೂ ತಿಳಿಯಿತು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಇಳಿಜಾರಿನಲ್ಲಿ ಮತ್ತೆ ಹತ್ತಬೇಕು. ಮೇ ತಿಂಗಳ ಎರೆಹೊಲಗಳು ಖಾಲಿ ಬಿದ್ದು ಬಿರುಕು ಬಿಟ್ಟಿದ್ದವು, ನೀರಾವರಿ ಇದ್ದಲ್ಲಿ ಮಾತ್ರ ಕಬ್ಬು ಹಸಿರಾಗಿತ್ತು. ಸೊಗಲದಲ್ಲಿ ನೀರು ಸಣ್ಣಗೆ ಇಳಿಯುತ್ತಿತ್ತು, ಸೋಮೇಶ್ವರನ ಮುಂದೆ ಕುಳಿತು ನಾನು ಜಪ ಮುಗಿಸುವ ತನಕ ಬಾಯವ್ವ ದೂರದಲ್ಲಿ ಸುಮ್ಮನೆ ಕುಳಿತಿದ್ದಳು. ಗೌರೀಶ ಮೊದಲನೇ ದಿನ ಫೋನಿಗೆ ಸಿಗ್ನಲ್ ಸಿಗದೆ ಹೆಂಡತಿಯ ಮೇಲೆ ರೇಗಿದ. ಮರುದಿನ ಬಾಯವ್ವ ಹೇಳಿದಂತೆಯೇ ಕೌದಿಯ ಮೇಲೆ ಬಿದ್ದವನು ಊಟಕ್ಕಷ್ಟೇ ಎದ್ದ.

ಎಲ್ಲಮ್ಮನ ಗುಡ್ಡದ ಕೆಳಗೆ ಬಂಡಿ ನಿಲ್ಲಿಸಿದಾಗ ಮುಂಜಾನೆ ಇನ್ನೂ ತಂಪಿತ್ತು. ಮುತ್ತಪ್ಪ ಚಹಾದ ಅಂಗಡಿಗೆ ಹೋದ. ಗೌರೀಶ ಒಳಗೆ ಗೊರಕೆ ಹೊಡೆಯುತ್ತಿದ್ದ. ಬಾಯವ್ವ ಕೆಳಗಿಳಿದು ಪೆಟ್ಟಿಗೆಯ ಒಲೆ ತೆಗೆದು ಹಚ್ಚುತ್ತಿದ್ದಳು. ನಾನೂ ಅನ್ನಪೂರ್ಣಾಳೂ ಪೂಜೆಗೆ ಹೂವು, ಕಾಯಿ ಕೊಂಡು ತಂದೆವು. ಕಾಯಿ ತಾನೇ ಹಿಡಿಯುತ್ತೇನೆ ಎಂದು ದಾನೇಶ್ವರಿ ಹಟ ಮಾಡಿ ಇಸಿದುಕೊಂಡಳು. ಅವಳ ಸಣ್ಣ ಕೈಗಳಿಗೆ ಆ ಕಾಯಿ ದೊಡ್ಡದಾಯಿತು. ಬಂಡಿಯ ಹತ್ತಿರ ಬರುತ್ತಲೇ ಅದು ಜಾರಿ ಹಾಸುಗಲ್ಲಿಗೆ ಬಿದ್ದು ಠಪ್ಪೆಂದು ಒಡೆಯಿತು.

ರಾಣಿ ಹೊರಟಳು.

ಗೌರೀಶನನ್ನೂ ಅವನ ಗೊರಕೆಯನ್ನೂ ಹೊತ್ತುಕೊಂಡು, ಸಾರಥಿ ಇಲ್ಲದೆ, ಏನೂ ಅವಸರವಿಲ್ಲದೆ ಬಂಡಿ ರಸ್ತೆಗೆ ಹತ್ತಿತು. ಚಹಾದ ಅಂಗಡಿಯವರು ಎದ್ದು ನಿಂತು ಕೂಗಿದರು, "ಏ ಮುತ್ತಪ್ಪ, ನಿನ್ನ ಸಂಸಾರ ಹೊಂಟ್ತ್ ನೋಡಪಾ!" ಮುತ್ತಪ್ಪ ಬಟ್ಟಲು ಬಿಟ್ಟು ಓಡಿದ. ಗೌರೀಶ ಎಚ್ಚರಾಗಿ, ತಾಡಪತ್ರಿಯಿಂದ ತಲೆ ಹೊರಹಾಕಿ, "ಶಬರಿಕೊಳ್ಳ ಬಂತೇನ್ರಿ?" ಎಂದು ಕೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅನ್ನಪೂರ್ಣಾ ಮಾತ್ರ ನಗಲಿಲ್ಲ. ದೇವರ ಕಾಯಿ ಒಡೆಯಿತೆಂದು ಅವಳಿಗೆ ಗಾಬರಿ. ಮಗಳ ತೋಳು ಹಿಡಿದು, "ಸಿಟ್ಟಿಲೆ ಒಗದಿ ಹೌದಲ್ಲ? ನಾ ಇಸಗೋತೇನಿ ಅಂದಿದ್ದಕ್ಕ ಒಗದಿ!" ಎಂದು ಗದರಿದಳು.

"ಒಗದಿಲ್ಲವ್ವಾ! ಜಾರಿ ಬಿತ್ತು! ನಾ ಕೊಡಾಕ ಬಂದಿದ್ದೆ!" ಎಂದು ಹುಡುಗಿ ಅತ್ತಳು.

ನಾನು ಬಾಯವ್ವನನ್ನು ನೋಡಿದೆ. ಅವಳ ಕೈಯಲ್ಲಿ ಊದುಗೊಳವೆ ಹಾಗೇ ನಿಂತಿತ್ತು. ಒಮ್ಮೆ ಕಲ್ಲಿನ ಮೇಲಿನ ಹೋಳುಗಳನ್ನು ನೋಡಿದಳು, ಒಮ್ಮೆ ಅಳುವ ಹುಡುಗಿಯನ್ನು, ಆಮೇಲೆ ದೂರವಾಗುತ್ತಿದ್ದ ಬಂಡಿಯ ಬೆನ್ನನ್ನು. ಆ ಬಂಡಿ ಹೀಗೆ ಹೊರಡುವುದನ್ನು ಅವಳು ನೆಲದ ಮೇಲೆ ನಿಂತು ನೋಡಿದ್ದು ಅದೇ ಮೊದಲು. ಅಷ್ಟು ವರ್ಷ ಅವಳು ಒಳಗೆ ಕುಳಿತವಳು.

ಮುತ್ತಪ್ಪ ಬಂಡಿಯನ್ನು ಅಲ್ಲೇ ರಸ್ತೆಯ ಬದಿ ನಿಲ್ಲಿಸಿದ್ದ, ಹೊಳ್ಳಿಸಿರಲಿಲ್ಲ. ನಾವೇ ಒಲೆ, ಪಾತ್ರೆ ಎತ್ತಿಕೊಂಡು ಅಲ್ಲಿಗೆ ಹೋದೆವು. ಬೇರೆ ಕಾಯಿ ಕೊಂಡು ಗುಡ್ಡ ಹತ್ತಿ ಪೂಜೆ ಮಾಡಿಸಿದೆವು. ಬಾಯವ್ವ ದೇವಿಯ ಮುಂದೆ ಬಹಳ ಹೊತ್ತು ನಿಂತಳು. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು, ತಾಯಿಯ ಮಣ್ಣಿನಿಂದ ಹಿಡಿದು ಆ ದಿನದ ಕಥೆಯನ್ನೆಲ್ಲ ಹೇಳಿದಳು.

"ನಾ ಒಳಗ ಕುಂತಿದ್ನೆರಿ ಅಕ್ಕಾರ. ಬರೇ ಕೇಳಿದ್ದೆ, ಕಂಡಿದ್ದಿಲ್ಲ. ಅಕಿನೂ ಹಿಂಗ ಕೊಡಾಕ ಬಂದಿದ್ದಳೋ ಏನೋ. ಕಾಯಿ ಬಿದ್ದಿದ್ದಕ್ಕ ಅಕಿ ಅಳಕೋತ ನಿಂತಿರಬೇಕು, ನನ್ನ ಬಂಡಿ ಬೆನ್ನ ತೋರಿಸಿ ಹೊಂಟಿರಬೇಕು."

"ಹಂಗೂ ಇರಬಹುದು" ಎಂದೆ.

"ಒಗದಿದ್ರ?"

"ಕೇಳಿದ್ರ ತಿಳೀತದ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮರುದಿನ ಸುರೇಬಾನದ ದಾರಿಯಲ್ಲಿ ಎಂದಿನಂತೆ ಹಾಡು ಗುನುಗಲಿಲ್ಲ. ರೊಟ್ಟಿ ಸೀದುಹೋದವು. ಊರು ಕಾಣುವಷ್ಟು ಹತ್ತಿರ ಬಂದಾಗ ಮುತ್ತಪ್ಪ ಮಾತು ಕೊಟ್ಟಂತೆ ಬಂಡಿಯನ್ನು ಹೊರಗಿನ ಹಾದಿಗೆ ತಿರುಗಿಸಹೊರಟ.

"ಊರೊಳಗಿಂದ ಹೊಡಿ" ಎಂದಳು ಬಾಯವ್ವ. ತಾಡಪತ್ರಿ ಸರಿಸಿ ಮುಂದೆ ಬಂದು ಗಂಡನ ಪಕ್ಕ ಕುಳಿತಳು.

ನೀಲವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕಡಲೆ ಕೇರುತ್ತಿದ್ದಳು. ಬಂಡಿ ನಿಂತರೂ ಕೇರುವುದನ್ನು ನಿಲ್ಲಿಸಲಿಲ್ಲ. ತಂಗಿಗಿಂತ ತೆಳ್ಳಗೆ, ಎತ್ತರ, ಮೂಗು ಮಾತ್ರ ಇಬ್ಬರದೂ ಒಂದೇ.

"ಯಾರು ಬೇಕಾಗಿತ್ರಿ?" ಎಂದಳು.

"ನೀಲವ್ವ ಅನ್ನಾಕಿ ಇಲ್ಲೇ ಇರತಾಳೇನ್ರಿ?" ಎಂದಳು ಬಾಯವ್ವ, ಕೆಳಗಿಳಿದು.

"ಇದ್ದಳು. ಅಕಿಗೊಬ್ಬಾಕಿ ತಂಗಿ ಇದ್ದಳು. ಕುದರಿ ಬಾಲದ ಹಿಂದ ಹ್ವಾದಾಕಿ ಹೊಳ್ಳಿ ನೋಡ್ಲಿಲ್ಲ."

"ಹೊಳ್ಳಿ ನೋಡ್ಲಿಲ್ಲ. ಖರೇನ" ಎಂದಳು ಬಾಯವ್ವ. ಆಮೇಲೆ ಒಂದೇ ಉಸಿರಿಗೆ ಕೇಳಿಬಿಟ್ಟಳು. "ಅಕ್ಕಾ, ಆವತ್ತ ಕಾಯಿ ಒಗದ್ಯೋ, ಬಿತ್ತೋ?"

ಮೊರ ನಿಂತಿತು. ನೀಲವ್ವ ತಂಗಿಯ ಮುಖವನ್ನು ದಿಟ್ಟಿಸಿದಳು. ಆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳ ದನಿ ಏರಿತು.

"ಉಡಿ ಕಾಯಿ ಒಗೀತಾರೇನ ಯಾರರೆ? ಬಗಲಾಗ ಹೊತ್ತ ಬೆಳಿಸಿದಾಕಿ ನಾ, ಒಗೀತೇನಿ? ಅಳಕೋತ ಬಂದಿದ್ದೆ, ಕಣ್ಣ ಕಾಣವಲ್ದು, ಹೊಚ್ಚಲ ಎಡವಿದೆ. ಕಾಯಿ ಹಾರಿ ಬಿತ್ತು. ತಟ್ಟಿ ಹಿಡಕೊಂಡ ಹಿಂದ ಹಿಂದ ಓಡಿ ಬಂದೆ, ಆ ತಿರುವಿನ ತನಕ! ನಿಮ್ಮ ಬಂಡಿ ನಿಂದ್ರಲಿಲ್ಲ. ಉಡಿ ಕಾಯಿ ಒಡದ ಅಪಶಕುನ ಆತು, ಅದಕ್ಕ ನೀ ಸಿಟ್ಟಾಗಿ ಹ್ವಾದಿ, ಇನ್ನ ಬರೂದಿಲ್ಲಂತ ತಿಳಕೊಂಡೆ."

ಬಾಯವ್ವ ಕಟ್ಟೆಯ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ನಿಂದ್ರಸ್ಲ್ಯಾ ಅಂತ ಇವರು ಕೇಳಿದ್ರು. ನಾನ ಬ್ಯಾಡಂದೆ" ಎಂದಳು. ಇಬ್ಬರೂ ಅತ್ತರು. ಕಡಲೆ ಚೆಲ್ಲಿತು. ಅದನ್ನು ನಾನೂ ದಾನೇಶ್ವರಿಯೂ ಆರಿಸಿದೆವು.

ಅಳು ಇಳಿದ ಮೇಲೆ ನೀಲವ್ವ ಮೂಗು ಒರೆಸಿಕೊಂಡು, "ಆದ್ರ ಅವ್ವನ ಮಾತ ಆಡಿದ್ನೆಲ್ಲ, ಅದನ್ನ ನಾ ಹೊಳ್ಳಿ ತಗೊಳ್ಳೂದಿಲ್ಲ" ಎಂದಳು.

"ತಗೋಬ್ಯಾಡ. ಅದು ಖರೇನ ಐತಿ" ಎಂದಳು ಬಾಯವ್ವ.

ಆ ಮಾತು ಇಬ್ಬರ ನಡುವೆ ಹಾಗೇ ಉಳಿಯಿತು. ಆದರೂ ನೀಲವ್ವ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಶಬರಿಕೊಳ್ಳ ನೋಡಿಕೊಂಡು ಅನ್ನಪೂರ್ಣಾ, ಗೌರೀಶ, ದಾನೇಶ್ವರಿ ರಾಮದುರ್ಗದ ಬಸ್ಸು ಹತ್ತಿದರು. ನಾವು ನೀಲವ್ವನ ಮನೆಯಲ್ಲಿ ಉಳಿದೆವು. ಮುಂಜಾನೆ ಬಾಯವ್ವನ ಡಬ್ಬಿಯ ಭಂಡಾರ ಎಂದಿನಂತೆ ರಾಣಿಯ ಹಣೆಗೆ, ಮೂಕಿಗೆ ಹೋಯಿತು. ಉಳಿದದ್ದನ್ನು ತನ್ನ ಹಣೆಗೆ ಒಯ್ಯುತ್ತಿದ್ದ ಬೆರಳನ್ನು ತಡೆದು, ಬಾಯವ್ವ ಅದನ್ನು ಅಕ್ಕನ ಹಣೆಗೆ ಹಚ್ಚಿದಳು. ಅದನ್ನು ನೋಡಿದವಳು ನಾನೊಬ್ಬಳೇ.

ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು. ನೀಲವ್ವ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತು ಕೂಗಿದಳು. "ಮುತ್ತಪ್ಪಾ, ಮೊದಲ ಆ ಕುದರಿ ಹಿಡಿಯಪಾ! ಕಿವಿ ಮುಚ್ಚ ಅದರದು!"

ಮುತ್ತಪ್ಪ ರಾಣಿಯ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ ನಿಂತ. ಓಣಿಯ ಹೆಂಗಸರು ನಕ್ಕರು. ಬಾಯವ್ವ ಈ ಸಲ ಬಂಡಿ ಹತ್ತಿರಲಿಲ್ಲ. ಮನೆಯ ಕಡೆ ಮುಖ ಮಾಡಿ, ಸೆರಗು ಹಿಡಿದು, ಹೊಸ್ತಿಲ ಮುಂದೆ ನಿಂತಿದ್ದಳು. ಅಕ್ಕಿ, ಅರಿಶಿನ, ಎಲೆ ಅಡಿಕೆ, ಹಸಿರು ಖಣ, ಕೊನೆಗೆ ಕಾಯಿ. ಕಾಯನ್ನು ನೀಲವ್ವ ಎರಡೂ ಕೈಯಿಂದ ಇಟ್ಟು, ಬಾಯವ್ವ ಅದನ್ನು ಗಟ್ಟಿಯಾಗಿ ಹಿಡಿಯುವ ತನಕ ತನ್ನ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ನೀಲವ್ವನ ಮಗ ನಿಂಗರಾಜ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಒಳಗೆ ತಂಪು ಗಾಳಿ ಹಚ್ಚಿದ್ದ. "ಚಿಗವ್ವ, ಬಿಸಲ ನೋಡ ಹೆಂಗ ಐತಿ. ಈ ಗಾಡ್ಯಾಗ ಯಾವಾಗ ಮುಟ್ಟತಿ? ಬಾ, ನಿನ್ನೂ ಈ ಅಕ್ಕಾರನ್ನೂ ಊಟದ ಹೊತ್ತಿಗೆ ದೊಡವಾಡಕ್ಕ ಬಿಟ್ಟ ಬರತೇನಿ. ಕಾಕಾ ಬಂಡಿ ಹೊಡಕೊಂಡ ಸಾವಕಾಶ ಬರಲಿ" ಎಂದು ಬಾಗಿಲು ತೆರೆದು ಹಿಡಿದ.

ಬಾಯವ್ವ ಕಾರನ್ನು ನೋಡಿದಳು. ತುಂಬಿದ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು ಬಂಡಿಯ ಮುಂದಿನ ಹಲಗೆಗೆ ಹತ್ತಿ, ತಾಡಪತ್ರಿಯ ಹೊರಗೆ, ಎಲ್ಲರಿಗೂ ಕಾಣುವಂತೆ ಕುಳಿತಳು.

"ಬ್ಯಾಡೋ ಮಗನ" ಎಂದಳು. "ಎಂಟ ವರ್ಷಕ್ಕ ತವರಮನಿ ಉಡಿ ತುಂಬೇತಿ. ಕಾರಿನ್ಯಾಗ ಕುಂತ್ರ ದಾರ್ಯಾಗ ಯಾರಿಗೆ ಕಾಣತೈತಿ?"